ಲಾಭ, ಎರಡು, ಮೂರು

ನಮ್ಮ ಮನೆಯಲ್ಲಿ ಒಂದು ಎನ್ನುವ ಸಂಖ್ಯೆ ಇರಲಿಲ್ಲ. ಅಪ್ಪ ಏನನ್ನೇ ಎಣಿಸಲಿ, ಮೊದಲನೆಯದಕ್ಕೆ ಲಾಭ ಎನ್ನುತ್ತಿದ್ದ. ಲಾಭ, ಎರಡು, ಮೂರು, ನಾಲ್ಕು. ಜೋಳ ಅಳೆಯುವವರು, ಬೆಲ್ಲ ಎಣಿಸುವವರು ನಮ್ಮ ಕಡೆ ಹಾಗೆಯೇ ಶುರು ಮಾಡುವುದು. ಆದರೆ ಅವರು ಆ ಮಾತನ್ನು ಪೇಟೆಯಲ್ಲಿಯೇ ಬಿಟ್ಟು ಮನೆಗೆ ಬರುತ್ತಾರೆ. ನಮ್ಮಪ್ಪ ಮನೆಗೂ ತರುತ್ತಿದ್ದ. ತುಂಬಿಟ್ಟ ಕೊಡ, ಒಣಹಾಕಿದ ಸೀರೆ, ಬಸ್ಸಿನಿಂದ ಇಳಿದ ನೆಂಟರು, ನನ್ನ ಬಾಯಿಂದ ಬಿದ್ದ ಹಾಲುಹಲ್ಲು, ಎಲ್ಲವೂ ಲಾಭದಿಂದಲೇ ಶುರುವಾಗುತ್ತಿದ್ದವು. ನಾನು ಸೇರಿದ್ದು ಮರಾಠಿ ಶಾಲೆ. ಮೊದಲ ವಾರ ಗುರುಜಿ ಒಂದು ಬೆರಳು ಎತ್ತಿ ಇದೆಷ್ಟು ಎಂದು ಕೇಳಿದರೆ ನಾನು ಲಾಭ ಎಂದೆನಂತೆ. ಅವರು ನಕ್ಕು, ವ್ಯಾಪಾರಿಗಳ ಮನೆಯ ಹುಡುಗಿ ಕಾಣುತ್ತದೆ ಎಂದರಂತೆ. ನಾವು ವ್ಯಾಪಾರಿಗಳೇನೂ ಆಗಿರಲಿಲ್ಲ. ನಮ್ಮದೊಂದು ಹಳೆಯ ಪಿಕಪ್ ಇತ್ತು, ಅಷ್ಟೇ.

ಗಡಹಿಂಗ್ಲಜದಲ್ಲಿ ನಮ್ಮದು ರೈಲಿನ ಡಬ್ಬಿಯಂತೆ ಒಂದರ ಹಿಂದೊಂದು ಜೋಡಿಸಿದ ಮೂರು ಖೋಲಿಗಳ ಮನೆ. ಮುಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಗಾಡಿ. ಅದರ ಮೂತಿ ಎಷ್ಟು ಒಳಗೆ ಬಂದು ನಿಲ್ಲುತ್ತಿತ್ತೆಂದರೆ, ಬೆಳಿಗ್ಗೆ ಅವ್ವ ಬಾಗಿಲು ತೆರೆದರೆ ಮೊದಲು ಕಾಣುವುದು ಎರಡು ಹೆಡ್‌ಲೈಟು. ಒಳಗೆ ಬರುವವರು ಗೋಡೆಗೂ ಮಡ್‌ಗಾರ್ಡಿಗೂ ನಡುವೆ ಅಡ್ಡಡ್ಡ ನುಸುಳಿ ಬರಬೇಕು. ದಪ್ಪನೆಯ ನೆಂಟರೊಬ್ಬರು ಹಿತ್ತಲಿನಿಂದ ಸುತ್ತಿ ಬರುತ್ತಿದ್ದರು. ಮನೆ ತುಂಬ ಬೆಲ್ಲದ ವಾಸನೆ ಮತ್ತು ಡೀಸೆಲ್ ವಾಸನೆ ಕೂಡಿಕೊಂಡು ಇರುತ್ತಿತ್ತು. ಬೇರೆಯವರ ಮನೆಗೆ ಹೋದಾಗ ಏನೋ ಕಡಿಮೆ ಇದೆ ಅನಿಸುತ್ತಿತ್ತು. ಅದು ಈ ವಾಸನೆ ಎಂದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ನಡುವಿನ ಖೋಲಿಯಲ್ಲಿ ದೇವರು, ಕಾಳಿನ ಡಬ್ಬಿ, ನನ್ನ ಹಾಸಿಗೆ. ಕೊನೆಯದು ಅಡಿಗೆಮನೆ. ಅವ್ವ ಜೋಳದ ರೊಟ್ಟಿ ಬಡಿಯಲು ಕೂತರೆ ಅಪ್ಪ ಹೊಸ್ತಿಲ ಮೇಲೆ ಕೂತು ಬುಟ್ಟಿಯ ಕಡೆ ನೋಡುತ್ತಿದ್ದ. ದಿನಾ ಅಲ್ಲಿ ಒಂದೇ ಜಗಳ.

"ರೊಟ್ಟಿ ಎಣಸಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ ನಿಮಗ? ಎಣಿಸಿದ್ದ ರೊಟ್ಟಿ ಮೈಗೆ ಹತ್ತೂದಿಲ್ಲ."

"ನಾ ಎಲ್ಲಿ ಎಣಸಾಕತ್ತೇನಿ? ಬರೇ ನೋಡಾಕತ್ತೇನಿ."

"ಮತ್ತ ತುಟಿ ಯಾಕ ಅಳ್ಳಾಡತಾವು?"

ಅಪ್ಪ ತುಟಿ ಮುಚ್ಚುತ್ತಿದ್ದ. ಆಮೇಲೆ ಬೆರಳು ತೊಡೆಯ ಮೇಲೆ ಅಲುಗಾಡಲು ಶುರುವಾಗುತ್ತಿತ್ತು. ಅವ್ವ ಲಟಪಟ ರೊಟ್ಟಿ ಬಡಿಯುತ್ತಲೇ ಅದನ್ನೂ ನೋಡುತ್ತಿದ್ದಳು.

ಎಣಿಸುವುದೇ ಅವನ ಉದ್ಯೋಗವಾಗಿತ್ತು, ಗಾಡಿ ಹೊಡೆಯುವುದು ಅದರ ನಂತರದ್ದು. ಕಬ್ಬಿನ ಹಂಗಾಮಿನಲ್ಲಿ ಸುತ್ತಲಿನ ಹಳ್ಳಿಗಳ ನಾಲ್ಕೈದು ಗಾಣಗಳಿಂದ ಬೆಲ್ಲದ ಪೆಂಟಿ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ ಹೋಗುತ್ತಿದ್ದ. ಪೆಂಟಿ ಎಂದರೆ ಬಟ್ಟೆ ಸುತ್ತಿದ ದಪ್ಪನೆಯ ಬೆಲ್ಲದ ಅಚ್ಚು, ಎಲ್ಲವೂ ಒಂದನ್ನೊಂದು ಹೋಲುವಂಥವು. ನಾಲ್ಕು ಮಂದಿಯ ಮಾಲು ಒಂದೇ ಗಾಡಿಯಲ್ಲಿ. ಚೀಟಿ ಇಲ್ಲ, ಗುರುತಿಲ್ಲ. ಹೇರುವಾಗ ಅಪ್ಪ ಗಾಡಿಯ ಬಾಜೂಕ್ಕೆ ನಿಂತು ಪ್ರತಿಯೊಂದು ಪೆಂಟಿಗೂ ಬೆರಳು ತಾಗಿಸಿ ದೊಡ್ಡ ದನಿಯಲ್ಲಿ ಲಾಭ, ಎರಡು, ಮೂರು ಎನ್ನುತ್ತ ಹೋಗುತ್ತಿದ್ದ. ಕೊಲ್ಹಾಪುರದಲ್ಲಿ ಇಳಿಸುವಾಗ ಯಾರದು ಎಷ್ಟು ಎಂದು ಅವನ ಬಾಯಿಂದ ಬಂದದ್ದೇ ಲೆಕ್ಕ. ಎಲ್ಲಾದರೂ ತಕರಾರು ಎದ್ದರೆ, ಯಾರು ಎಣಿಸಿದ್ದು ಎಂದು ಕೇಳುತ್ತಿದ್ದರು. ಈರಪ್ಪ ಎಂದರೆ ತಕರಾರು ಅಲ್ಲಿಗೇ ಮುಗಿಯಿತು. ತಕರಾರಿನಲ್ಲಿ ಅಪ್ಪನದೊಂದು ಪದ್ಧತಿಯಿತ್ತು: ತನ್ನ ಸಂಖ್ಯೆಯನ್ನು ಮೊದಲು ಹೇಳುತ್ತಿರಲಿಲ್ಲ. ಎದುರಿನವನ ಮುಖ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದ. ತಪ್ಪು ಹೇಳಿದವನು ತಾನೇ ತಿದ್ದಿಕೊಳ್ಳಲಿ ಎಂದು ಕಾಯುತ್ತಿದ್ದ. ಬಹಳ ಮಂದಿ ತಿದ್ದಿಕೊಳ್ಳುತ್ತಿದ್ದರು. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿ.

ನನ್ನದು ಬೇರೆ ಹುಚ್ಚು. ತಿರುಗುವಂಥದ್ದು ಏನಿದ್ದರೂ ಬಿಚ್ಚಿ ನೋಡಬೇಕು. ಮೊದಲು ಅವ್ವನ ಮಿಕ್ಸರ್ ಹೋಯಿತು. ಆಮೇಲೆ ಮೂಲೆಮನೆಯವರ ಹೊಲಿಗೆ ಯಂತ್ರ. ಅದು ಬಿಚ್ಚಿದ ಹಾಗೆಯೇ ಕೂಡಿತು ಕೂಡ, ಒಂದು ಸ್ಕ್ರೂ ಉಳಿದದ್ದನ್ನು ಬಿಟ್ಟರೆ. ಹತ್ತನೇ ಇಯತ್ತೆಗೆ ಬರುವಷ್ಟರಲ್ಲಿ ಅವ್ವನ ಮೊಬೈಲು ನನ್ನ ಕೈಗೆ ಬಂದಿತ್ತು. ಅದರ ವಿಡಿಯೋಗಳಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಟ್ರಕ್ಕಿನ ಕೆಳಗೆ ಮಲಗಿ ಮಾತಾಡುತ್ತಿದ್ದ. ಅರ್ಧ ತಿಳಿಯುತ್ತಿತ್ತು, ಅರ್ಧ ಅವನ ಕೈ ನೋಡಿ ತಿಳಿದುಕೊಳ್ಳುತ್ತಿದ್ದೆ. ನಿಲ್ಲಿಸಿ ನಿಲ್ಲಿಸಿ ನೋಡಿ, ವಹಿಯ ಹಿಂದಿನ ಹಾಳೆಗಳಲ್ಲಿ ಹಲ್ಲಿನ ಗಾಲಿಗಳನ್ನು ಬರೆಯುತ್ತಿದ್ದೆ. ಕಲಿಸುವವರು ಯಾರೂ ಇರಲಿಲ್ಲ. ಹಾಗೆ ಕಲಿತ ನನಗೆ ಒಂದು ರೋಗ ಅಂಟಿತ್ತು: ನಾನು ಕಷ್ಟಪಟ್ಟು ತಿಳಿದುಕೊಂಡದ್ದು ಉಳಿದ ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂದುಕೊಳ್ಳುವುದು. ಅಪ್ಪ ಮಾತ್ರ ನನ್ನನ್ನು ತಡೆದವನಲ್ಲ. ಗಾಡಿಯ ಕೆಳಗೆ ಹೋಗಲು ನನಗೊಂದು ಗೋಣಿಚೀಲವನ್ನು ಬೇರೆಯೇ ತೆಗೆದಿಟ್ಟಿದ್ದ.

ಅಪ್ಪನ ತಮ್ಮ, ನಮ್ಮ ಕಾಕಾ, ಇಚಲಕರಂಜಿಯಲ್ಲಿ ಮಗ್ಗಗಳ ಫಿಟರ್. ರವಿವಾರ ಬಸ್ಸು ಹಿಡಿದು ಬರುತ್ತಿದ್ದ. ಇಪ್ಪತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ನಿಂತು ಅವನಿಗೆ ಕಿವಿ ಮಂದವಾಗಿತ್ತು, ಹಾಗಾಗಿ ಮಾತು ಯಾವಾಗಲೂ ದೊಡ್ಡದು. ಅವನು ನಮ್ಮ ಅಡಿಗೆಮನೆಯಲ್ಲಿ ಉಪ್ಪು ಕೇಳಿದರೆ ಓಣಿಯ ತುದಿಯ ಮನೆಯವರು ಉಪ್ಪು ತಂದುಕೊಡಬೇಕು, ಹಾಗೆ. ನನಗೆ ಅವನಿಟ್ಟ ಹೆಸರು ಇಂಜಿನೀರಬಾಯಿ. ಗಾಡಿಯ ಕೆಲಸವೂ ಅವನಿಗೆ ಬರುತ್ತಿತ್ತು.

ನನಗೆ ಹದಿನಾರು ತುಂಬಿದ ಆ ಚಳಿಗಾಲದಲ್ಲಿ ಗಾಡಿಯ ಹಿಂದಿನಿಂದ ಎಮ್ಮೆ ನರಳಿದಂಥ ಸದ್ದು ಬರತೊಡಗಿತು. ಕಾಕಾ ಕೆಳಗೆ ನುಸುಳಿ ನೋಡಿ, ಹಿಂದಿನ ಆಕ್ಸಲ್ ಹೋಯಿತು ಎಂದ. ಗಾಡಿಯ ಕೆಲಸ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು, ಹೇಳಲು ನನಗೆ ಇವತ್ತಿಗೂ ಖುಷಿಯೇ. ಹಿಂದಿನ ಎರಡು ಗಾಲಿಗಳ ನಡುವೆ ಒಂದು ಕಬ್ಬಿಣದ ತೊಲೆ ಇರುತ್ತದಲ್ಲ, ಅದರ ನಡುವೆ ಒಂದು ಹೊಟ್ಟೆ. ಹೊಟ್ಟೆಯೊಳಗೆ ಹಲ್ಲಿನ ಎರಡು ಗಾಲಿ: ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಇಂಜಿನ್ನಿನಿಂದ ಬರುವ ಉದ್ದ ಶಾಫ್ಟ್ ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ದೊಡ್ಡದನ್ನು, ದೊಡ್ಡದು ಗಾಲಿಗಳನ್ನು. ಗಾಲಿ ಒಮ್ಮೆ ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎನ್ನುವುದೇ ಇದರ ಜೀವ. ಸುತ್ತು ಹೆಚ್ಚಿದ್ದರೆ ಗಾಡಿ ಭಾರ ಎಳೆಯುತ್ತದೆ, ಕಡಿಮೆ ಇದ್ದರೆ ಓಡುತ್ತದೆ. ನಮ್ಮ ತೊಲೆಗೆ ಬಿರುಕು ಬಿಟ್ಟಿತ್ತು, ಎರಡು ಸಲ ವೆಲ್ಡಿಂಗ್ ಆಗಿತ್ತು, ಮೂರನೆಯದು ನಿಲ್ಲುವಂತಿರಲಿಲ್ಲ. ಕೊಲ್ಹಾಪುರದ ಹಳೆ ಸಾಮಾನಿನ ಬಜಾರಿನಿಂದ ಇಡೀ ಆಕ್ಸಲ್ ತಂದು ಬದಲಿಸಬೇಕು. ಆದರೆ ಈ ಗಾಡಿಗೆ ಎರಡು ನಮೂನೆಯ ಆಕ್ಸಲ್ ಬರುತ್ತಿದ್ದವು. ನಮ್ಮದು ಯಾವುದು ಎಂದು ತೋರಿಸುವ ತಗಡಿನ ಬಿಲ್ಲೆ ಎಂದೋ ಉದುರಿಹೋಗಿತ್ತು. ನಮಗಿಂತ ಮೊದಲು ಮೂವರ ಕೈ ದಾಟಿ ಬಂದ ಗಾಡಿ. ಯಾರು ಏನು ಬದಲಿಸಿದ್ದರೋ ಕಾಗದ ನೋಡಿ ಹೇಳುವ ಹಾಗಿರಲಿಲ್ಲ.

"ಹೊಟ್ಟಿ ಬಿಚ್ಚಿ ಹಲ್ಲ ಎಣಸೂಣು. ಕ್ರೌನ್ ಮ್ಯಾಲ ನಂಬರ್ ಸುದ್ದಾ ಹೊಡದಿರ್ತಾರ. ಮುಂದ ಮಾತಿಲ್ಲ," ಎಂದ ಕಾಕಾ.

"ಬಿಚ್ಚೂದ ಬ್ಯಾಡ ಕಾಕಾ. ಒಂದ ಗಾಲಿ ಎತ್ತಿ ಎರಡ ಸುತ್ತ ತಿರಗಿಸಿ, ಶಾಫ್ಟ್ ಎಷ್ಟ ತಿರಗತೈತಿ ನೋಡಿದ್ರ ಆತು."

"ನೋಡಪಾ ಅಣ್ಣಾ, ನಮ್ಮ ಇಂಜಿನೀರಬಾಯಿ ಕೂಸ ಹುಟ್ಟೂಕ್ಕಿಂತ ಮದಲ ಬಣ್ಣಾ ಹೇಳ್ತಾಳಂತ."

ಬಿಚ್ಚಬೇಕೆಂದರೆ ಇಡೀ ದಿನದ ಕೆಲಸ. ಕಾಕಾನಿಗೆ ಸೋಮವಾರದ ಪಾಳಿಯಿತ್ತು. ಹೊಟ್ಟೆ ಬಿಚ್ಚಿಟ್ಟ ಗಾಡಿ ವಾರವಿಡೀ ಚಪ್ಪರದಲ್ಲಿ ಕೂರಬೇಕಾಗುತ್ತಿತ್ತು, ಅಪ್ಪ ಆ ವಾರ ಇನ್ನೂ ಎರಡು ಸಣ್ಣ ಬಾಡಿಗೆ ಒಪ್ಪಿಕೊಂಡಿದ್ದ. ಅವನು ನನ್ನ ಕಡೆ ನೋಡಿದ.

"ಅಕಿ ಹೇಳೂದೂ ಒಮ್ಮೆ ಕೇಳೂಣು ತಮ್ಮಾ. ಎಣಸೂದ ಐತಿ ಹೌದಲ್ಲೋ? ಎಣಸಾಕ ನಾ ಅದೇನಿ."

ಮರುದಿನ ಬೆಳಿಗ್ಗೆ ನಾನೂ ಅಪ್ಪನೂ ಇಬ್ಬರೇ. ಬಲಗಡೆಯ ಹಿಂದಿನ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟೆವು, ಎಡಗಡೆಯದನ್ನು ಜ್ಯಾಕ್ ಹಾಕಿ ಎತ್ತಿದೆವು. ಗೇರ್ ತೆಗೆದೆ. ಅಪ್ಪನ ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು ಶಾಫ್ಟಿನ ಮೇಲೆ ಒಂದು ಗೆರೆ, ಟೈರಿನ ಮೇಲೆ ಒಂದು ಬೊಟ್ಟು. ಅಪ್ಪ ನನ್ನ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿದ. ಪೂರ್ತಿ ಸುತ್ತಿ ಗೆರೆ ಮತ್ತೆ ಮೇಲೆ ಬಂದಾಗ ಎಣಿಸಬೇಕು ಎಂದು ಹೇಳಿಕೊಟ್ಟೆ. ಹೂಂ ಎಂದ. ನಾನು ಗಾಲಿ ಹಿಡಿದೆ. ನಾನು ನಿಂತಲ್ಲಿಂದ ಶಾಫ್ಟ್ ಕಾಣುತ್ತಿರಲಿಲ್ಲ, ಅಪ್ಪನ ದನಿ ಮಾತ್ರ ಕೇಳುತ್ತಿತ್ತು. ತಿರುಗಿಸಲು ಶುರು ಮಾಡಿದೆ. ಗಾಲಿ ಇನ್ನೂ ಅರ್ಧ ಸುತ್ತೂ ಬಂದಿರಲಿಲ್ಲ, ಕೆಳಗಿನಿಂದ ಲಾಭ ಎಂದು ಕೇಳಿತು. ಆಮೇಲೆ ಎರಡು. ಮೂರು. ಇನ್ನೊಂದು ಗಾಲಿ ನೆಲಕ್ಕೆ ಕಚ್ಚಿಕೊಂಡಿದ್ದರಿಂದ ಇದರ ಎರಡು ಸುತ್ತಿಗೆ ಒಂದರ ಲೆಕ್ಕ; ಎರಡು ಸುತ್ತು ಮುಗಿಸಿ ನಿಲ್ಲಿಸಿದೆ.

"ಐದ ಆತವ್ವಾ. ಮ್ಯಾಲ ತುಸು."

ಆಗ ನನ್ನ ತಲೆ ಓಡಿತು. ಗಡ್ಡದವನು ಹೇಳಿದ್ದ: ಬಹಳ ಮಂದಿ ಶುರುವಿನ ಗೆರೆಯನ್ನೇ ಒಂದು ಎಂದು ಎಣಿಸಿಬಿಡುತ್ತಾರೆ, ಅದು ತಪ್ಪು. ಅಪ್ಪ ಜೀವಮಾನವಿಡೀ ಎಣಿಸಿದ್ದು ಪೆಂಟಿಗಳನ್ನು. ಪೆಂಟಿ ಕಂಡಿತು, ಬೆರಳು ತಾಗಿತು, ಲಾಭ. ಸುತ್ತು ಹಾಗಲ್ಲ, ಪೂರ್ತಿ ತಿರುಗಿ ಬರುವ ತನಕ ಅಲ್ಲಿ ಏನೂ ಇಲ್ಲ. ಲಾಭ ಅಷ್ಟು ಬೇಗ ಬಂತಲ್ಲ, ಅಂದರೆ ಗೆರೆ ಕಂಡ ಕೂಡಲೇ ಎಣಿಸಿದ್ದಾನೆ. ಐದರಲ್ಲಿ ಒಂದು ಕಳೆದರೆ ನಾಲ್ಕು, ಮೇಲೆ ತುಸು. ನಮ್ಮ ಗಾಡಿಗೆ ಬರುವ ಎರಡು ನಮೂನೆಗಳಲ್ಲಿ ಒಂದು ಐದರ ಮೇಲೆ ತುಸು, ಇನ್ನೊಂದು ನಾಲ್ಕರ ಮೇಲೆ ತುಸು. ಎರಡೂ ಸರಿಯಾಗಿ ಹೊಂದುತ್ತಿದ್ದವು, ಅದೇ ಕುತ್ತಾಯಿತು. ಅಪ್ಪಾ, ಮೊದಲನೆಯದನ್ನು ಯಾವಾಗ ಹಿಡಿದೆ ಎಂದು ಕೇಳಬಹುದಿತ್ತು. ಇನ್ನೊಮ್ಮೆ ತಿರುಗಿಸಿದ್ದರೆ ಎರಡು ನಿಮಿಷ. ಕೇಳಿದರೆ ಅಪ್ಪನಿಗೆ ಅವಮಾನವಾದೀತು ಎಂದುಕೊಂಡೆ. ನಾನೇ ಮೆಲ್ಲಗೆ ಸರಿ ಮಾಡಿಬಿಟ್ಟರೆ ಅವನ ಎಣಿಕೆಯ ಮರ್ಯಾದೆ ಉಳಿಯುತ್ತದೆ, ಹಾಗೆಯೇ ಅಂದುಕೊಂಡೆ ನಾನು. ವಹಿಯ ಹಿಂದಿನ ಹಾಳೆಯಲ್ಲಿ ನಾಲ್ಕರ ನಮೂನೆಯ ಹಲ್ಲಿನ ಲೆಕ್ಕ, ಮೂವತ್ತೇಳು ಭಾಗಿಸು ಒಂಬತ್ತು ಎಂದು ಬರೆದೆ. ಅಪ್ಪ ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಿದ್ದ. ಅವ್ವ ಚಹಾಕ್ಕೆ ಕರೆದಳು.

ಆಮೇಲೆ ಬಹಳ ದಿನ ಕಳೆದು, ಲೆಕ್ಕ ಹಾಕಿ ನೋಡಿದಾಗ ತಿಳಿಯಿತು. ನಾಲ್ಕರ ಆಕ್ಸಲ್ ಆಗಿದ್ದರೆ ಶಾಫ್ಟಿನ ಮೊದಲ ಸುತ್ತು ಮುಗಿಯುವಾಗ ಗಾಲಿ ಸುಮಾರು ಅರ್ಧಕ್ಕೆ ಬಂದಿರಬೇಕು. ಐದರದಾದರೆ ಅರ್ಧಕ್ಕಿಂತ ಸಾಕಷ್ಟು ಮೊದಲೇ. ನಾನು ತಪ್ಪೆಂದುಕೊಂಡ ಆ ಅವಸರದ ಲಾಭವೇ ಸರಿಯುತ್ತರವಾಗಿತ್ತು.

ಗುರುವಾರ ನಾವಿಬ್ಬರೂ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋದೆವು. ಹಳೆ ಸಾಮಾನಿನ ಆ ಓಣಿ ನನಗೆ ಜಾತ್ರೆಗಿಂತ ಹೆಚ್ಚು. ಒಂದು ಕಡೆ ಗೇರ್‌ಬಾಕ್ಸುಗಳ ರಾಶಿ, ಇನ್ನೊಂದು ಕಡೆ ಸ್ಟೀರಿಂಗುಗಳನ್ನು ಬಳೆಗಳ ಹಾಗೆ ಹಗ್ಗಕ್ಕೆ ಪೋಣಿಸಿ ತೂಗುಹಾಕಿದ್ದರು. ಅಂಗಡಿಯವನು ಎರಡು ಆಕ್ಸಲ್ ತೋರಿಸಿದ. ಎರಡರ ಮೇಲೂ ಸೀಮೆಸುಣ್ಣದಲ್ಲಿ ಹಲ್ಲಿನ ಲೆಕ್ಕ ಬರೆದಿತ್ತು. ಪಾವಣೇ, ಅಂದರೆ ನೆಂಟರೇ, ಯಾವುದು ಬೇಕು ಎಂದು ಅಪ್ಪನನ್ನು ಮರಾಠಿಯಲ್ಲಿ ಕೇಳಿದ. ಅಪ್ಪ ನನ್ನ ಕಡೆ ಕೈ ಮಾಡಿದ. ನಾನು ಸದತೀಸ ನೌ ಎಂದೆ, ಮರಾಠಿಯ ಮೂವತ್ತೇಳು ಒಂಬತ್ತು. ಅವನು ನನ್ನ ಎರಡು ಜಡೆ ನೋಡಿ, ಮತ್ತೊಮ್ಮೆ ಕೇಳಿ, ಹುಡುಗಿ ಹುಷಾರಿದ್ದಾಳೆ ಎಂದ. ಅಪ್ಪನ ಮುಖ ಅರಳಿದ್ದು ಕಂಡೆ. ಅಂಗಡಿಯವನು ಆಳಿಗೆ ಕೂಗಿ, ಐದರದು ಬೇಡ, ಆ ನಾಲ್ಕರದನ್ನು ಹೊರಗೆ ತೆಗೆ ಎಂದ. ಅಪ್ಪ ನನ್ನ ಹತ್ತಿರ ಬಂದು, ಅಂಗಡಿಯವನಿಗೆ ಕೇಳದ ಹಾಗೆ ಕನ್ನಡದಲ್ಲಿ ಮೆಲ್ಲಗೆ ಕೇಳಿದ:

"ನಾಕರದ? ನಾ ಐದ ಹೇಳಿದ್ನೆಲ್ಲ?"

"ಅದರ ಲೆಕ್ಕಾ ಬ್ಯಾರೆ ಇರತೈತಿ ಅಪ್ಪಾ. ನಿನಗ ತಿಳಿಯೂದಿಲ್ಲ."

ಹೌದೇನು ಎಂದ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಆಳಿನ ಜೊತೆ ಆಕ್ಸಲ್ಲಿನ ಒಂದು ತುದಿಗೆ ತಾನೇ ಕೈಹಾಕಿದ.

ಮುಂದಿನ ರವಿವಾರ ಕಾಕಾ ಬಂದು ಆಕ್ಸಲ್ ಬದಲಿಸಿದ. ಅಂಥ ಚಂದದ ದಿನ ನಮ್ಮ ಚಪ್ಪರದಲ್ಲಿ ಆಮೇಲೆ ಬರಲಿಲ್ಲ. ಸ್ಪ್ರಿಂಗಿಗೆ ತೊಲೆಯನ್ನು ಬಿಗಿದ ಯು-ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಡೀಸೆಲ್ ಸುರಿದು, ಕುಟ್ಟಿ, ಬೈದು ಬಿಡಿಸಿದೆವು. ಶಾಫ್ಟಿನ ನಾಲ್ಕು ಬೋಲ್ಟು ನಾನೇ ಬಿಚ್ಚಿದೆ, ನಾನೇ ಬಿಗಿದೆ. ಬ್ರೇಕಿನ ಪೈಪು ಕೂಡಿಸಿದ ಮೇಲೆ ಗಾಳಿ ತೆಗೆಯಲು ಪೆಡಲ್ ತುಳಿಯುತ್ತ ಕೂತಿದ್ದೆ. ಕಾಕಾ ಕೆಳಗಿನಿಂದ ಇಡೀ ಓಣಿಗೆ ಕೇಳುವ ಹಾಗೆ, ತುಳಿ, ಬಿಡು ಎಂದು ಕೂಗುತ್ತಿದ್ದ. ಅವ್ವ ಝುಣಕ ರೊಟ್ಟಿ ಅಲ್ಲಿಯೇ ತಂದಳು. ಎಲ್ಲರೂ ಗ್ರೀಸಿನ ಕೈಗಳನ್ನು ಬೂದಿಯಲ್ಲಿ ತಿಕ್ಕಿ ತೊಳೆದು ಕೂತು ತಿಂದೆವು. ಕೊನೆಗೆ ಅವಳು ಬಗ್ಗಿ ಹೊಸ ಆಕ್ಸಲ್ಲಿನ ಹೊಟ್ಟೆಗೆ ಅರಿಶಿಣ ಕುಂಕುಮ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಹಳೆಯದನ್ನು ಎಳೆದು ಗೋಡೆಗೆ ಒರಗಿಸಿದೆವು. ಗಾಡಿ ಖಾಲಿ ಓಡಿಸಿದಾಗ ಸದ್ದೇ ಇಲ್ಲ. ಎದ್ದು ಹೊರಡಲು ತುಸು ಭಾರ ಅನಿಸುತ್ತದೆ ಎಂದು ಅಪ್ಪ ಅಂದ. ಹೊಸ ಎಣ್ಣೆ ಅಪ್ಪಾ, ಸಡಿಲಾಗುತ್ತದೆ ಎಂದೆ ನಾನು.

ಬುಧವಾರ ನಾಲ್ಕು ಗಾಣಗಳ ಬೆಲ್ಲ ಹೇರಿ ಕೊಲ್ಹಾಪುರಕ್ಕೆ ಹೊರಟಾಗ ನಾನೂ ಜೊತೆಗೆ ಕೂತೆ. ಬೆಲ್ಲದವರ ಪೈಕಿ ಬಸಗೊಂಡ ಮಾಮಾ, ಅಪ್ಪನ ಬಾಲ್ಯದ ಗೆಳೆಯ, ನಮ್ಮ ಜೊತೆ ಕ್ಯಾಬಿನ್ನಿನಲ್ಲಿದ್ದ. ಮುರಗೂಡಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಬರುವ ಏರಿನಲ್ಲಿ ಇಂಜಿನ್ನಿಗೆ ಉಸಿರು ಸಾಲದಾಯಿತು. ಅಪ್ಪ ಮೊದಲ ಗೇರಿಗೆ ತಂದ. ಗಾಡಿ ಆಮೆಯಷ್ಟು ಹೋಗಿ, ನಡುಗಿ, ನಿಂತಿತು. ಮತ್ತೆ ಎಬ್ಬಿಸಿದ, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬೆಲ್ಲದ ವಾಸನೆಯನ್ನೂ ಮೀರಿ ಬಂತು, ಗಾಡಿ ಹಿಂದಕ್ಕೆ ಸರಿಯತೊಡಗಿತು. ಮಾಮಾ ಜಿಗಿದು ಗಾಲಿಗೆ ಕಲ್ಲು ಕೊಟ್ಟ. ಆ ಬಿಸಿಲಿನಲ್ಲಿ ಎಲ್ಲ ಪೆಂಟಿಗಳನ್ನು ರಸ್ತೆಯ ಬದಿಯಲ್ಲಿ ಬೇರೆ ಎರಡು ಗಾಡಿಗಳಿಗೆ ದಾಟಿಸಿದರು. ಕೆಲವು ಒಡೆದವು. ಪೇಟೆಯಲ್ಲಿ ಅವತ್ತಿನ ಹರಾಜಿನ ಹೊತ್ತು ಮೀರಿಹೋಯಿತು. ಅಪ್ಪ ರಸ್ತೆಯಲ್ಲಿಯೂ ಬೆರಳು ತಾಗಿಸಿ ಲಾಭ, ಎರಡು ಎನ್ನುತ್ತ ಎಣಿಸಿದ. ಒಂದೂ ಹೆಚ್ಚುಕಡಿಮೆ ಇರಲಿಲ್ಲ.

ಗಾಡಿಯನ್ನು ಹಗ್ಗ ಕಟ್ಟಿ ಮನೆಗೆ ತಂದರು. ಮರುದಿನ ಕಾಕಾ ರಜೆ ಹಾಕಿ ಬಂದ. ಬೆಲ್ಲದವರಲ್ಲಿ ಮೂವರು, ಬಸಗೊಂಡ ಮಾಮಾನೂ ಸೇರಿ, ಗಾಡಿ ಯಾವಾಗ ಎದ್ದೀತು ಎಂದು ವಿಚಾರಿಸಲು ಬಂದು ಚಪ್ಪರದ ಕೆಳಗೆ ಕೂತಿದ್ದರು. ಕಾಕಾ ಗಾಡಿಯ ಕಡೆ ನೋಡಲೇ ಇಲ್ಲ. ನೆಟ್ಟಗೆ ಗೋಡೆಗೆ ಒರಗಿಸಿದ್ದ ಹಳೆ ಆಕ್ಸಲ್ಲಿನ ಹತ್ತಿರ ಹೋಗಿ, ಮಧ್ಯಾಹ್ನದ ತನಕ ಕೂತು ಅದರ ಹೊಟ್ಟೆ ಬಿಚ್ಚಿದ. ಕ್ರೌನ್ ಮೇಲಿನ ಕಪ್ಪು ಎಣ್ಣೆಯನ್ನು ಅರಿವೆಯಿಂದ ಒರೆಸಿ, ಕಣ್ಣು ಕಿರಿದು ಮಾಡಿ ಓದಿದ.

"ನಾಲ್ವತ್ತೊಂದ, ಎಂಟು. ಐದರ ಮ್ಯಾಲ ತುಸು. ನಾವ ಹಾಕಿದ್ದ ನಾಕರದು. ಗಾಡಿ ಏರ ಹತ್ತೂದರ ಹೆಂಗ? ಯಾರ ಎಣಿಸಿದ್ದ ಇದನ್ನ?"

ನಾನು ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದೆ. ಅಪ್ಪ ನನ್ನನ್ನು ನೋಡುತ್ತಿದ್ದ. ಸಿಟ್ಟಿರಲಿಲ್ಲ. ಗಾಣದ ಮುಂದೆ ತಕರಾರು ಎದ್ದಾಗ ಎದುರಿನವನ ಮುಖ ನೋಡುತ್ತ ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಿದ್ದ. ಎಷ್ಟು ಹೊತ್ತೋ. ನಾನು ತಲೆ ಕೆಳಗೆ ಹಾಕಿದೆ.

"ನಾ ಎಣಿಸಿದ್ದ ತಮ್ಮಾ," ಎಂದ ಅಪ್ಪ. "ಒಂದ ಬಿಟ್ಟಿರಬೇಕ."

"ನೀನ? ಲಾಭ ಅನ್ಕೋತ ಒಂದ ನುಂಗಿಬಿಟ್ಟಿ ಹಂಗಾದ್ರ."

ಕಾಕಾ ನಕ್ಕ. ಬೆಲ್ಲದವರೂ ನಕ್ಕರು. ಅಪ್ಪನೂ ನಕ್ಕ. ಕಾಕಾನ ದನಿ ಓಣಿ ದಾಟಿತು.

ಆಕ್ಸಲ್ಲಿನದು ಎರಡು ವಾರದಲ್ಲಿ ಮುಗಿಯಿತು. ಕಾಕಾ ನಾಲ್ಕರದನ್ನು ಕೊಲ್ಹಾಪುರಕ್ಕೆ ಒಯ್ದು ಐದರದನ್ನು ತಂದ, ಹೊಸ ಕ್ಲಚ್ ಕೂಡಿಸಿದ, ಗಾಡಿ ಮೊದಲಿನಂತೆ ಏರು ಹತ್ತಿತು. ಮುಗಿಯದೆ ಉಳಿದದ್ದು ಆ ನಗೆ. ಗಾಣಗಳಲ್ಲಿ ಮೊದಮೊದಲು ಅದು ಬರೀ ಚೇಷ್ಟೆಯಾಗಿತ್ತು. ಅಪ್ಪ ಲಾಭ ಎಂದ ಕೂಡಲೇ ಯಾರೋ ಹಮಾಲ, ನುಂಗಬ್ಯಾಡೋ ಈರಪ್ಪಾ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಒಂದು ದಿನ ನಾನೂ ಹೋಗಿದ್ದಾಗ, ಬಸಗೊಂಡ ಮಾಮಾನ ಮಾಲು ಹೇರಿ ಮುಗಿದಿತ್ತು. ಅಪ್ಪ ಸಂಖ್ಯೆ ಹೇಳಿ ಗಾಡಿ ಹತ್ತಲು ಹೊರಟ. ಮಾಮಾ ಅವನ ಹೆಗಲ ಮೇಲೆ ಕೈಯಿಟ್ಟ.

"ಸಿಟ್ಟಾಗಬ್ಯಾಡ ಈರಪ್ಪಾ, ಇನ್ನೊಂದ ಸಲ ಎಣಸ. ನಾ ಸುದ್ದಾ ಬಾಜೂಕ ನಿಂದರತೇನಿ."

ಅಪ್ಪ ಇಳಿದು ಇನ್ನೊಂದು ಸಲ ಎಣಿಸಿದ. ಅಷ್ಟೇ ಇತ್ತು. ಮಾಮಾ ಹೌದು ಎಂದು ತಲೆಯಾಡಿಸಿದ. ಅವತ್ತು ಯಾರೂ ನಗಲಿಲ್ಲ. ಅದರ ಮುಂದಿನ ಸಲ ಅಪ್ಪ ದನಿ ತೆಗೆಯದೆ ಎಣಿಸಿದ. ಅದರ ಮುಂದೆ ಉಳಿದವರೂ ಬಾಜೂಕ್ಕೆ ನಿಲ್ಲತೊಡಗಿದರು, ಮೊಬೈಲಿನಲ್ಲಿ ಫೋಟೋ ಹೊಡೆಯತೊಡಗಿದರು, ಪೆಂಟಿಯ ಬಟ್ಟೆಯ ಮೇಲೆ ಬಣ್ಣದ ಗುರುತು ಬಂತು. ಮುಂದಿನ ಹಂಗಾಮಿಗೆ ಅಪ್ಪ, ಎಣಿಸುವುದು ನೀವೇ ಎಣಿಸಿಕೊಳ್ಳಿ, ನಾನು ಗಾಡಿ ಹೊಡೆಯುತ್ತೇನೆ ಎಂದ. ಎಲ್ಲರಿಗೂ ಅದೇ ಅನುಕೂಲ ಅನಿಸಿತು. ಕೊಲ್ಹಾಪುರದಲ್ಲಿ ಯಾರು ಎಣಿಸಿದ್ದು ಎಂದು ಕೇಳುವುದು ನಿಂತುಹೋಯಿತು.

ಮನೆಯಲ್ಲಿ ಸದ್ದು ಕಡಿಮೆಯಾಯಿತು. ಅಪ್ಪ ಹೊಸ್ತಿಲ ಮೇಲೆ ಕೂರುತ್ತಿದ್ದ, ಬುಟ್ಟಿಯ ಕಡೆ ನೋಡುತ್ತಿರಲಿಲ್ಲ. ಕೆಲವು ತಿಂಗಳು ಅವ್ವ ಏನೂ ಅನ್ನಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ತಾನೇ ಬುಟ್ಟಿಯನ್ನು ಅವನ ಕಡೆ ದೂಡಿದಳು.

"ಎಷ್ಟ ಆದವು ನೋಡ್ರಿ ತುಸು."

"ಸಾಕಾಗತಾವ ಬಿಡ," ಎಂದ ಅಪ್ಪ.

ಅವ್ವ ತಲೆ ಎತ್ತದೆ ಮುಂದಿನ ಹಿಟ್ಟು ನಾದಿಕೊಂಡಳು. ನಾನು ನಡುವಿನ ಖೋಲಿಯಲ್ಲಿ ಓದುವವಳಂತೆ ಕೂತಿದ್ದೆ.

ಹೇಳಬೇಕೆಂದು ನಾನು ಅಂದುಕೊಳ್ಳದ ವರ್ಷವಿಲ್ಲ. ಮೊದಲು ಹೆದರಿಕೆ ಇತ್ತು. ಗಾಡಿಯ ಕೆಳಗೆ ಹೋಗುವುದನ್ನೇ ಬಿಡಿಸಿಬಿಟ್ಟರೆ ಎಂದು. ಹೆದರಿಕೆ ಹೋಗುವಷ್ಟರಲ್ಲಿ ನಾಚಿಕೆ ಬಂತು. ಆಮೇಲೆ, ಅಪ್ಪ ಮರೆತಿದ್ದಾನೆ, ಕೆದಕುವುದು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ತನ್ನಿಂದಲೇ ಒಂದು ಬಿಟ್ಟುಹೋಯಿತು ಎಂದು ಅವನು ನಿಜಕ್ಕೂ ನಂಬಿರಬೇಕು ಎಂದೂ ಅಂದುಕೊಂಡೆ. ಅದೇ ಎಲ್ಲಕ್ಕಿಂತ ಕೆಟ್ಟ ಯೋಚನೆ. ಆದರೂ ಅದನ್ನೇ ಹಿಡಿದುಕೊಂಡು ಕೂತೆ, ಯಾಕೆಂದರೆ ಅದರಲ್ಲಿ ನಾನು ಬಾಯಿ ಬಿಡುವ ಕೆಲಸವಿರಲಿಲ್ಲ. ಈಗ ಅದೇ ಚಪ್ಪರ ನನ್ನ ಗ್ಯಾರೇಜು. ಹಳೆಯ ಗಾಡಿಗಳ ಆಕ್ಸಲ್, ಗೇರ್‌ಬಾಕ್ಸ್ ಎಂದರೆ ದೂರದಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇಂಜಿನೀರಬಾಯಿಯವರು ಒಂದಕ್ಕೆ ಮೂರು ಸಲ ನೋಡುತ್ತಾರೆ, ಎದುರಿನವರನ್ನು ಕೇಳದೆ ಏನೂ ಬರೆದುಕೊಳ್ಳುವುದಿಲ್ಲ ಎಂದು ಹೊಗಳುತ್ತಾರೆ. ಹೊಗಳಿದಾಗ ನಾನು ಪಾನಾ ಹುಡುಕುವ ನೆಪದಲ್ಲಿ ಆಚೆ ಹೋಗುತ್ತೇನೆ. ಕಾಕಾ ಈಗಲೂ ಬರುತ್ತಾನೆ, ಈಗಲೂ ಲಾಭ ನುಂಗಿದ ಕತೆ ಹೇಳುತ್ತಾನೆ. ಹಳೆಯ ಆಕ್ಸಲ್ ಗೋಡೆಯ ಪಕ್ಕ ಎರಡು ಕಲ್ಲಿನ ಮೇಲೆ ಅಡ್ಡ ಬಿದ್ದಿದೆ. ಎಳೆಬಿಸಿಲಿಗೆ ಅಪ್ಪ ಅದರ ಮೇಲೆಯೇ ಕೂರುತ್ತಾನೆ.

ಈ ವರ್ಷ ದೀಪಾವಳಿ ಮುಗಿದ ಮೇಲೆ ಹುಪರಿಯಿಂದ ಒಬ್ಬರು ಹಳೆಯ ಪಿಕಪ್ ತಂದು ಬಿಟ್ಟುಹೋದರು. ಹಿಂದಿನಿಂದ ಅದೇ ನರಳಾಟ, ಬಿಲ್ಲೆ ಇಲ್ಲ. ಒಂದು ಗಾಲಿ ಎತ್ತಿದೆ. ಮೊಬೈಲನ್ನು ಕೆಳಗಿಟ್ಟು ಚಿತ್ರ ಹಿಡಿದರೆ ಯಾರೂ ಬೇಕಿಲ್ಲ, ನಾನು ಮಾಡುವುದೂ ಹಾಗೆಯೇ. ಅವತ್ತು ಯಾಕೋ ಮೊಬೈಲು ತೆಗೆಯಲಿಲ್ಲ. ತುಸು ಎಣಿಸುತ್ತೀಯೇನು ಅಪ್ಪಾ ಎಂದು ಕೇಳಿದೆ. ಅಪ್ಪ ಎದ್ದು ಬಂದ. ಈಗ ಮಲಗಲು ಬೆನ್ನು ಕೇಳುವುದಿಲ್ಲ. ಮಣೆ ಹಾಕಿ ಕೂತು, ಬಗ್ಗಿ ಶಾಫ್ಟಿನ ಕಡೆ ನೋಡಿದ. ತಂಬಾಕಿನ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟ. ನಾನು ಸುಣ್ಣದ ಗೆರೆ ಎಳೆದೆ, ಟೈರಿಗೆ ಬೊಟ್ಟಿಟ್ಟೆ, ಗಾಲಿಗೆ ಕೈ ಹಾಕಿದೆ. ಅಪ್ಪ ಶಾಫ್ಟಿನಿಂದ ಕಣ್ಣು ತೆಗೆಯದೆ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವವನ ಹಾಗೆ ಕೇಳಿದ:

"ಮದಲನೇದ ಎಣಿಕ್ಯಾಗ ಹಿಡೀಲೇನವ್ವಾ, ಬಿಡಲಿ?"

ಒಂಬತ್ತು ವರ್ಷ ನಾನು ಅಪ್ಪ ಮರೆತಿದ್ದಾನೆ ಎಂದುಕೊಂಡಿದ್ದೆ. ನನ್ನ ಕೈ ಟೈರಿನ ಮೇಲೆಯೇ ಇತ್ತು. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಹಿಡಿ ಅಪ್ಪಾ," ಎಂದೆ. "ಅವತ್ತೂ ನೀ ಹೇಳಿದ್ದ ಐದ ಖರೇ ಇತ್ತ. ಒಂದ ತಗದಾಕಿ ನಾ."

ಅಪ್ಪ ಬಗ್ಗಿಕೊಂಡೇ ಇದ್ದ. ಅವನ ಮುಖ ನನಗೆ ಕಾಣುತ್ತಿರಲಿಲ್ಲ.

"ಕೊಲ್ಹಾಪುರದಾಗ ತಿಳಿದಿತ್ತ ನನಗ. ನೀ ಹೇಳ್ತಿ ಅಂತ ದಾರಿ ನೋಡಿದೆ." ಗೆರೆಯ ಕಡೆ ಇನ್ನಷ್ಟು ಬಗ್ಗಿ ಅಂದ: "ಇರಲಿ. ಗಾಲಿ ತಿರಗಸ."

ಗಾಲಿ ತಿರುಗಿಸಿದೆ. ಸುಣ್ಣದ ಗೆರೆ ಕೆಳಗೆ ಹೋಗಿರಬೇಕು, ಆ ಕಡೆಯಿಂದ ಮೇಲೆ ಬರುತ್ತಿರಬೇಕು. ಆ ಹಳೆಯ ಮಾತು ಕೇಳೀತು ಎಂದು ನಾನು ಮೆಲ್ಲಗೆ ತಿರುಗಿಸುತ್ತಿದ್ದೆ.

"ಒಂದು," ಎಂದ ಅಪ್ಪ.